ಅಕ್ಕನ ಧಾರೆಗೆ ಬಂದ ವಾಲಗದವರು

ನಮ್ಮ ಮನೆಯಲ್ಲಿ ಮೂರು ಕೋಣೆಗಳಿದ್ದವು ಎಂದು ಬರೆದು ಹೊಡೆದುಹಾಕಿದೆ. ಇದ್ದದ್ದು ಎರಡೇ. ಮೂರನೆಯದೆಂದು ನನ್ನ ತಲೆಯಲ್ಲಿ ಉಳಿದುಕೊಂಡಿರುವುದು ನಡುಮನೆಯ ಒಂದು ಮೂಲೆ. ಅಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಬ್ಯಾಂಡ್‌ಸೆಟ್ಟಿನ ಕೆಂಪು ಕೋಟುಗಳನ್ನು ಸಾಲಾಗಿ ತೂಗುಹಾಕುತ್ತಿದ್ದರು. ಆ ಸಾಲಿನ ಹಿಂದೆ ನಾನೂ ಗಿರಿಜಕ್ಕನೂ ಮಲಗುತ್ತಿದ್ದೆವು. ಕೋಟುಗಳು ನಮ್ಮವಲ್ಲ. ಅರಸೀಕೆರೆಯ ಬ್ಯಾಂಡ್‌ಸೆಟ್ಟಿನ ಯಜಮಾನ ಅವನ್ನು ಒಗೆಯಲು, ಕಿತ್ತುಹೋದ ಗುಂಡಿ ಹೊಲಿಯಲು ಅಮ್ಮನಿಗೆ ಕೊಡುತ್ತಿದ್ದ. ಬೆವರು, ಬೀಡಿ, ಸೆಂಟು, ಮದುವೆ ಮನೆಯ ಸಾರು ಎಲ್ಲ ಸೇರಿದ ಒಂದು ವಾಸನೆ ಅವುಗಳಿಂದ ಬರುತ್ತಿತ್ತು; ಒಗೆದರೂ ಹೋಗುತ್ತಿರಲಿಲ್ಲ. ಎಷ್ಟು ಕೋಟುಗಳಿದ್ದವು? ನಾನು ಹನ್ನೆರಡು ಅನ್ನುತ್ತೇನೆ, ಅಕ್ಕ ಎಂಟು ಅನ್ನುತ್ತಾಳೆ. ಆ ಮೂಲೆಯಲ್ಲಿ ಹನ್ನೆರಡು ಕೋಟು ಹಿಡಿಸುವುದು ಸಾಧ್ಯವೇ ಇರಲಿಲ್ಲ, ಆದರೂ ಕಣ್ಣು ಮುಚ್ಚಿದರೆ ನನಗೆ ಹನ್ನೆರಡೇ ಕಾಣುತ್ತವೆ. ಇಲ್ಲಿ ನಾನು ಹೇಳುವುದನ್ನೆಲ್ಲ ಇದೇ ಅನುಮಾನದಿಂದ ಓದಬೇಕು. ಒಂದು ವಿಷಯ ಮಾತ್ರ ಬೇರೆ. ಅಕ್ಕನ ಧಾರೆಯ ದಿನ ಆದದ್ದನ್ನು ಒಂದು ಛತ್ರ ತುಂಬ ಜನ ನೋಡಿದ್ದಾರೆ. ಅದನ್ನು ತಿದ್ದಲು ನನ್ನ ನೆನಪಿಗೆ ಅವಕಾಶ ಸಿಕ್ಕಿಲ್ಲ.

ಮನೆ ಇದ್ದದ್ದು ಅರಸೀಕೆರೆಯ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದಿನ ಬೀದಿಯಲ್ಲಿ. ಅಪ್ಪ ಊದುವವನು, ಚಿಕ್ಕಪ್ಪ ಬಾರಿಸುವವನು. ಇಷ್ಟು ಹೇಳಿದರೆ ಸುಲಭವಾಗಿ ಕೇಳಿಸುತ್ತದೆ, ಆದರೆ ಒಂದು ವರ್ಷದಲ್ಲಿ ಅವರಿಬ್ಬರೂ ಎಷ್ಟು ಬೇರೆ ಬೇರೆ ಮನುಷ್ಯರಾಗುತ್ತಿದ್ದರು ಎಂದು ನೆನೆದರೆ ಈಗಲೂ ದಣಿವಾಗುತ್ತದೆ. ಬೆಳಗಿನ ಪೂಜೆಗೆ ಪೇಟೆಯ ಒಂದು ಸಣ್ಣ ದೇವಸ್ಥಾನದಲ್ಲಿ ಅಪ್ಪನ ನಾಗಸ್ವರ, ಚಿಕ್ಕಪ್ಪನ ಡೋಲು. ಲಗ್ನದ ತಿಂಗಳುಗಳಲ್ಲಿ ಅವೇ ವಾದ್ಯ ಹೊತ್ತು ಕಣಕಟ್ಟೆಗೆ, ಬೇಲೂರಿಗೆ, ಹಳೇಬೀಡಿಗೆ ಬಸ್ಸು. ಲಗ್ನವಿಲ್ಲದ ತಿಂಗಳುಗಳಲ್ಲಿ ಕೆಂಪು ಕೋಟು: ಅಪ್ಪನಿಗೆ ಕ್ಲಾರಿನೆಟ್, ಚಿಕ್ಕಪ್ಪನಿಗೆ ಕೊರಳಿಗೆ ಹಾಕುವ ಡ್ರಮ್ಮು. ಚುನಾವಣೆಯಲ್ಲಿ ಗೆದ್ದವನ ಜೀಪಿನ ಮುಂದೆ, ಟೆಂಟಿಗೆ ಹೊಸ ಸಿನಿಮಾ ಬಂದಾಗ ಪೋಸ್ಟರು ಕಟ್ಟಿದ ಗಾಡಿಯ ಮೇಲೆ, ಶಾಲೆಯ ವಾರ್ಷಿಕೋತ್ಸವದಲ್ಲಿ ಪರದೆಯ ಪಕ್ಕ, ಹೆಣದ ಮುಂದೆ. ಚಿಕ್ಕಪ್ಪ ಆಗಾಗ ಹಾಸನದ ಆರ್ಕೆಸ್ಟ್ರಾ ಒಂದಕ್ಕೆ ತಬಲಾ ಬಾರಿಸಲು ಹೋಗುತ್ತಿದ್ದ. ಅಲ್ಲಿಂದ ಬಂದ ದಿನ ಹೂವಿನ ಚಿತ್ರದ ಶರ್ಟು ಹಾಕಿಕೊಂಡು ತಲೆ ಬಾಚುತ್ತಲೇ ಇರುತ್ತಿದ್ದ. ಶಾಲೆಯಲ್ಲಿ ಟೀಚರು ನಿಮ್ಮಪ್ಪ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಾಗ ನಾನು 'ದೇವಸ್ಥಾನದಲ್ಲಿ' ಎಂದಷ್ಟೇ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಯಾರಾದರೂ ಬಾಯಲ್ಲಿ 'ಪೀಂ' ಅನ್ನುತ್ತಿದ್ದರು.

ಮನೆಯೊಳಗೆ ಈ ಕೆಲಸಗಳಿಗೆಲ್ಲ ಗಡಿಗಳಿದ್ದವು. ನಾಗಸ್ವರ ಮತ್ತು ಡೋಲಿಗೆ ದೇವರ ಗೂಡಿನ ಕೆಳಗೆ ಜಾಗ, ಹಳದಿ ಬಟ್ಟೆಯ ಹೊದಿಕೆ. ಕ್ಲಾರಿನೆಟ್ಟಿಗೆ ಬಾಗಿಲ ಹಿಂದಿನ ಮೊಳೆ. ಕ್ಲಾರಿನೆಟ್ಟನ್ನು ಯಾರ ಮುಂದೆ ಬೇಕಾದರೂ ಊದಬಹುದಿತ್ತು; ನಾಗಸ್ವರ ದೇವರ ಮುಂದೆ, ಹಸೆಯ ಮುಂದೆ, ತೊಟ್ಟಿಲ ಮುಂದೆ ಮಾತ್ರ. ಹೆಣದ ಮೆರವಣಿಗೆಗೆ ಹೋಗಿ ಬಂದ ದಿನ ಅಪ್ಪ ಹೊರಗಿನ ನಲ್ಲಿಯಲ್ಲಿ ಸ್ನಾನ ಮಾಡಿ, ಬಾಯಿಯನ್ನು ಇದ್ದಿಲಿನಿಂದ ಎರಡು ಸಲ ಉಜ್ಜಿ ಒಳಗೆ ಬರುತ್ತಿದ್ದ. ಅದೇ ಬಾಯಿ ಮಾರನೆಯ ಬೆಳಿಗ್ಗೆ ನಾಗಸ್ವರ ಕಚ್ಚಬೇಕಿತ್ತಲ್ಲ. ಒಲೆಯ ಮೇಲಿನ ದಾರದಲ್ಲಿ ನಾಗಸ್ವರದ ತುದಿಗೆ ಸಿಕ್ಕಿಸುವ ಹುಲ್ಲಿನ ಪೀಪಿಗಳು ಒಣಗುತ್ತಿದ್ದವು. ಅವುಗಳ ಕೆಳಗೆ ಅಮ್ಮ ಮುದ್ದೆ ತೊಳಸುತ್ತ, ಬೆಂಕಿಯ ಕಿಡಿ ಹಾರದಂತೆ ಬೆನ್ನು ಅಡ್ಡ ಕೊಡುತ್ತಿದ್ದಳು. ಊದುವ ದಿನ ಅಪ್ಪ ಹೊಟ್ಟೆ ತುಂಬ ತಿನ್ನುತ್ತಿರಲಿಲ್ಲ. ಉಪ್ಪುಸಾರಿನ ನೀರು ಕುಡಿದು ಏಳುತ್ತಿದ್ದ. ಮದುವೆ ಮನೆಯಲ್ಲಿ ಕೊನೆಯ ಪಂಕ್ತಿಯಲ್ಲಿ ಕೂತವನಿಗೆ ಏನು ಉಳಿದಿರುತ್ತಿತ್ತೋ, ಅದನ್ನು ಎಲೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದ. ನಾವು ಬೆಳೆದದ್ದು ಬೇರೆಯವರ ಮದುವೆಯ ತಣ್ಣನೆಯ ಲಾಡು ತಿಂದು. ಅದರ ಮೇಲೆ ನನಗೆ ಎಂದೂ ಆಸೆ ಹೋಗಲಿಲ್ಲ, ಅಕ್ಕನಿಗೆ ಬೇಗ ಹೋಯಿತು.

ಅಪ್ಪನನ್ನು ಊರಿನಲ್ಲಿ ಎಲ್ಲರೂ ಕೇಳುತ್ತಿದ್ದರು, ಯಾರೂ ಆಲಿಸುತ್ತಿರಲಿಲ್ಲ. ಮದುವೆಯಲ್ಲಿ ಅವನು ಒಂದು ರಾಗವನ್ನು ನಿಧಾನವಾಗಿ ಬಿಡಿಸುತ್ತ ಹೋದರೆ ಬೀಗರು ಬಂದು 'ಸ್ವಾಮಿ, ಸಿನಿಮಾದ್ದು ಏನಾದ್ರೂ ಹಾಕ್ರೀ' ಅನ್ನುತ್ತಿದ್ದರು. ಅವನು ಹಾಕುತ್ತಿದ್ದ. ಮನೆಗೆ ಬಂದು ಅದಕ್ಕಾಗಿ ಅಮ್ಮನ ಮೇಲೆ ರೇಗುತ್ತಿದ್ದ. ಒಬ್ಬರು ಮಾತ್ರ ಹಾಗಿರಲಿಲ್ಲ. ಕೊಬ್ಬರಿ ಮಂಡಿಯ ಯಜಮಾನರಾಗಿದ್ದ ಒಬ್ಬ ಮುದುಕರು, ವಿಭೂತಿ ಹಚ್ಚಿದ ದಪ್ಪ ದೇಹದವರು, ಹಬ್ಬಗಳಲ್ಲಿ ಅಪ್ಪನನ್ನು ಮಂಡಿಗೆ ಕರೆಸಿ, ಕೊಬ್ಬರಿ ಮೂಟೆಗಳ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತು ಕೇಳುತ್ತಿದ್ದರು. ಹಮಾಲಿಗಳಿಗೆ ಗದ್ದಲ ನಿಲ್ಲಿಸಲು ಹೇಳುತ್ತಿದ್ದರು. ಒಮ್ಮೆ ನಾನೂ ಹೋಗಿದ್ದೆ. ಅಪ್ಪ ಮುಗಿಸಿ ಬಾಯಿ ಒರೆಸಿಕೊಂಡಾಗ ಅವರು ಕಣ್ಣು ತೆರೆಯದೆ ಹೇಳಿದರು:

"ಚನ್ನಯ್ಯ, ಆ ನಡುವೆ ಒಂದು ಕಡೆ ಇಳಿದ್ರಲ್ಲ, ಅದನ್ನ ಇನ್ನೊಂದ್ ಸಲ ಇಳೀರಿ."

ಅಪ್ಪ ಇಳಿದ. ಅವತ್ತು ಯಾರ ಮೇಲೂ ರೇಗಲಿಲ್ಲ.

ಆ ಮಂಡಿ ಯಜಮಾನರು ತೀರಿಕೊಂಡಾಗ ಅಕ್ಕನ ಮದುವೆ ಗೊತ್ತಾಗಿತ್ತು. ಹುಡುಗ ಹಳೇಬೀಡಿನವನು, ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಅವನ ತಾತ ನಾಗಸ್ವರ ಊದುತ್ತಿದ್ದರಂತೆ. ಅವನ ಅಪ್ಪನ ಕಾಲಕ್ಕೆ ಬಿಟ್ಟರು. ವಾದ್ಯ ಬಿಟ್ಟ ಮನೆಯವರು ವಾದ್ಯದ ಮಡಿಯನ್ನು ಮಾತ್ರ ಬಿಟ್ಟಿರಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡಿದ್ದರು. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷವಾಗಿತ್ತು. ಸಂಬಳದ ಮನೆ, ಕೆಂಪು ಕೋಟಿಲ್ಲದ ಮನೆ ಎಂದು ಅವಳು ನನಗೆ ಕೋಟುಗಳ ಹಿಂದೆ ಮಲಗಿಕೊಂಡು ಪಿಸುಗುಟ್ಟಿದ್ದಳು. ಆ ಸಂಬಂಧ ತಪ್ಪಿಹೋಗಬಾರದು ಎನ್ನುವುದು ಆ ದಿನಗಳಲ್ಲಿ ನಮ್ಮ ಮನೆಯ ಗಾಳಿಯಲ್ಲೇ ಇತ್ತು.

ಯಜಮಾನರ ಕಡೆಯವರು ಬ್ಯಾಂಡ್‌ಸೆಟ್ಟನ್ನು ಕರೆಸಿದರು. ಅಪ್ಪ ಕೋಟು ತೊಟ್ಟು ಕ್ಲಾರಿನೆಟ್ ಹಿಡಿದು ಹೋದ. ಮುದುಕರನ್ನು ಹೂವಿನ ವಿಮಾನ ಕಟ್ಟಿ ಅದರಲ್ಲಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹಾರ. ಅವರ ಹಿರಿಯ ಮಗ ಅಪ್ಪನ ಬಳಿ ಬಂದು ಕೇಳಿದನಂತೆ:

"ಅಪ್ಪಾಜಿಗೆ ನಿಮ್ಮ ನಾಗಸ್ವರ ಅಂದ್ರೆ ಪ್ರಾಣ. ನಮ್ಮಲ್ಲಿ ಇದು ಸೂತಕ ಅಲ್ಲ ಚನ್ನಯ್ಯೋರೆ, ಶಿವನ ಹತ್ರ ಹೋಗಿದಾರೆ. ಒಂದೇ ಒಂದು ಊದಿ."

ಅಪ್ಪ ಚಿಕ್ಕಪ್ಪನನ್ನು ಸೈಕಲ್ಲಿನಲ್ಲಿ ಮನೆಗೆ ಕಳಿಸಿದ. ಅಮ್ಮ ನೀರಿಗೆ ಹೋಗಿದ್ದಳು. ಚಿಕ್ಕಪ್ಪ ಹೆಣದ ಮನೆಯಿಂದ ಬಂದವನು, ಒಳಗೆ ಬರುವಂತಿಲ್ಲ, ಹೊಸಿಲಾಚೆ ನಿಂತು ಕೈ ಚಾಚಿದ. ದೇವರ ಗೂಡಿನ ಕೆಳಗಿಂದ ನಾಗಸ್ವರ ತೆಗೆದು ಅವನ ಕೈಗೆ ಕೊಟ್ಟವಳು ನಾನು. ಹೀಗೆ ನನಗೆ ನೆನಪಿದೆ: ಹಳದಿ ಬಟ್ಟೆ, ಅದರ ಭಾರ, ಚಿಕ್ಕಪ್ಪನ ಕೋಟಿನ ತೋಳಿನ ಚಿನ್ನದ ಪಟ್ಟಿ. ಆದರೆ ಅಕ್ಕ, ಕೊಟ್ಟವಳು ತಾನು, ನೀನಾಗ ಶಾಲೆಯಲ್ಲಿದ್ದೆ ಅನ್ನುತ್ತಾಳೆ. ಅವಳು ಹೇಳುವುದೂ ನಿಜವಿರಬಹುದು; ತಪ್ಪನ್ನು ನಾನು ಆಮೇಲೆ ಎರವಲು ಪಡೆದಿರಬಹುದು. ಯಾರೇ ಕೊಟ್ಟಿರಲಿ, ಅಪ್ಪ ಅವತ್ತು ಸಂತೇಪೇಟೆಯ ತಿರುವಿನಿಂದ ತೋಟದವರೆಗೆ ಹೆಣದ ಮುಂದೆ ನಾಗಸ್ವರ ಊದಿದ. ಊರೆಲ್ಲ ಕೇಳಿತು. ಅಷ್ಟು ಚೆನ್ನಾಗಿ ಅವನು ಹಿಂದೆ ಊದಿರಲಿಲ್ಲವಂತೆ. ಇದನ್ನು ಹೇಳಿದವರೆಲ್ಲ ಧ್ವನಿ ತಗ್ಗಿಸಿ ಹೇಳಿದರು.

ಅಮ್ಮ ಮೂರು ದಿನ ಒಲೆ ಹಚ್ಚಿದಳು, ಬಡಿಸಿದಳು, ಮಾತಾಡಲಿಲ್ಲ. ನಾಲ್ಕನೆಯ ದಿನ ಮುದ್ದೆ ಬಡಿಸುತ್ತ, ತಟ್ಟೆಗೆ ಹೇಳುವಂತೆ ಹೇಳಿದಳು:

"ಮಗಳ ಹಸೆ ಮುಂದೆ ಯಾರು ಬರ್ತಾರೆ ಈಗ?"

"ಬತ್ತಾರೆ."

"ಯಾರು?"

"ಅವರ ಮನೆ ಮದುವೆಗೆಲ್ಲ ನಾನು ಹೋಗಿಲ್ವೇನೇ? ಬತ್ತಾರೆ."

"ನೀವು ಹೋಗಿದ್ದು ಹೆಣದ ಮುಂದೆ ಊದೋಕೆ ಮುಂಚೆ ಕಣ್ರೀ."

ಚಿಕ್ಕಪ್ಪ ಮಧ್ಯೆ ಬಾಯಿ ಹಾಕಿದ.

"ಅತ್ತಿಗೆ, ಯಾರೂ ಬರ್ಲಿಲ್ಲ ಅಂದ್ರೆ ಆರ್ಕೆಸ್ಟ್ರಾದವ್ರನ್ನ ಕರ್ಕೊಂಬತ್ತೀನಿ. ಗಿಟಾರು ಐತೆ, ಎಲ್ಲಾ ಐತೆ."

"ನಿನ್ನ ಮದ್ವೇಲಿ ಕರ್ಕೊಂಬಾರಪ್ಪ ಗಿಟಾರನ್ನ, ಹೆಣ್ಣು ಕೊಡೋರು ಸಿಕ್ಕಿದ್ರೆ."

ಅಮ್ಮ ಕೇಳಿದ್ದಕ್ಕೆ ಕಾರಣವಿತ್ತು. ವಾಲಗದವರ ಮನೆಯಲ್ಲಿ ಮದುವೆಯಾದರೆ ಹೆಣ್ಣಿನ ಕಡೆಯವರಾಗಲಿ ಗಂಡಿನ ಕಡೆಯವರಾಗಲಿ ಅವತ್ತು ವಾದ್ಯ ಮುಟ್ಟುವಂತಿಲ್ಲ. ಮನೆಯ ವಾದ್ಯಗಳಿಗೆ ಕುಂಕುಮ ಹಚ್ಚಿ, ಬಟ್ಟೆ ಹೊದಿಸಿ ದೇವರ ಮುಂದೆ ಇಡುತ್ತಾರೆ. ಬೇರೆ ಊರಿನ ವಾಲಗದವರು ಬಂದು ಊದಿ ಬಾರಿಸಿ, ತಾಂಬೂಲ ಮಾತ್ರ ತೆಗೆದುಕೊಂಡು ಹೋಗುತ್ತಾರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಯಾರೂ ಬರದಿದ್ದರೆ ಹಸೆ ಮೂಕವಾಗುತ್ತದೆ. ಉಳಿದ ಶಾಸ್ತ್ರಗಳನ್ನು ಹೇಗೋ ದಾಟಿಸಬಹುದು, ಗಟ್ಟಿಮೇಳವನ್ನು ದಾಟಿಸಲಾಗುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಕೈ ಎತ್ತಿದೊಡನೆ ನಾಗಸ್ವರ, ಡೋಲು ಎಲ್ಲ ಒಟ್ಟಿಗೆ, ತಮ್ಮ ಶಕ್ತಿ ಮೀರಿ ಮೊಳಗಬೇಕು. ಆ ಗಳಿಗೆಯಲ್ಲಿ ಒಂದು ಸೀನು, ಒಂದು ಅಳು, ಒಂದು ಕೆಟ್ಟ ಮಾತು ಮದುಮಗಳ ಕಿವಿಗೆ ಬೀಳಬಾರದು. ಬಿದ್ದರೆ ಅದು ಅವಳ ಬಾಳಿಗೆ ಅಂಟಿಕೊಳ್ಳುತ್ತದೆ. ನಾನು ಇದನ್ನು ನಂಬುತ್ತೇನೋ ಇಲ್ಲವೋ ಎನ್ನುವುದು ಇಲ್ಲಿ ಮುಖ್ಯವಲ್ಲ. ಆ ಛತ್ರದಲ್ಲಿ ಕೂತಿದ್ದ ಪ್ರತಿಯೊಬ್ಬರೂ ನಂಬಿದ್ದರು.

ನಮ್ಮ ಕಡೆಯ ವಾಲಗದವರಿಗೆಲ್ಲ ಹಿರಿಯರು ಬಾಣಾವರದ ರಂಗಯ್ಯಜ್ಜ. ಅಪ್ಪ ಆರು ವರ್ಷ ಅವರ ಮನೆಯಲ್ಲಿದ್ದು ನಾಗಸ್ವರ ಕಲಿತವನು, ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದ. ನಮ್ಮ ಮನೆಯ ನಾಗಸ್ವರ ಅವರೇ ಕೊಟ್ಟದ್ದು. ಅವರು ಬಂದರೆ ಎಲ್ಲರೂ ಬಂದಂತೆ. ಅಪ್ಪ ಒಂದು ಭಾನುವಾರ ತಾಂಬೂಲದ ತಟ್ಟೆಯನ್ನು ಟವಲಿನಲ್ಲಿ ಸುತ್ತಿಕೊಂಡು ಬಾಣಾವರಕ್ಕೆ ಹೊರಟ. ನನ್ನನ್ನೂ ಕರೆದುಕೊಂಡು ಹೋದ. ಮಗು ಜೊತೆಗಿದ್ದರೆ ಬೈಗುಳ ಕಡಿಮೆಯಾದೀತು ಎಂದುಕೊಂಡನೇನೋ. ಪ್ಯಾಸೆಂಜರ್ ರೈಲಿನಲ್ಲಿ ಅವನು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ರಂಗಯ್ಯಜ್ಜ ಜಗಲಿಯ ಮೇಲೆ ಕಾಲು ಚಾಚಿ ಕೂತು ಪೀಪಿ ಹೆರೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನ್ಲಾ ಚನ್ನ. ಯಾರು ಸತ್ರು?"

"ಯಾರೂ ಇಲ್ಲ ದೊಡ್ಡಪ್ಪ."

"ಮತ್ಯಾಕ್ ಬಂದೆ? ಈಗೀಗ ಸತ್ತೋರ ಮನೇಗೇ ತಾನೆ ನೀನು ಹೋಗೋದು?"

ಜಗಲಿಯ ಮೇಲಿದ್ದ ಅವರ ಮಕ್ಕಳು ನಕ್ಕರು. ಅಪ್ಪ ಮೆಟ್ಟಿಲ ಕೆಳಗೆ ನಿಂತೇ ಇದ್ದ.

"ಮಗಳ ಮದ್ವೆ. ನೀವು ಬರಬೇಕು."

"ನಾನ್ ಕೊಟ್ಟಿದ್ದನ್ನ ಹೆಣದ ಮುಂದೆ ಹಿಡ್ದಲ್ಲೋ. ಯಾಕ್ಲಾ ಹಂಗ್ ಮಾಡ್ದೆ?"

ಅಪ್ಪ ತಟ್ಟೆಗೆ ಸುತ್ತಿದ್ದ ಟವಲನ್ನು ಬಿಗಿ ಮಾಡಿದ. ಆಮೇಲೆ ಹೇಳಿದ್ದು ಇಷ್ಟು:

"ಅವರು ಕಣ್ಮುಚ್ಚಿ ಕೇಳ್ತಿದ್ರು ದೊಡ್ಡಪ್ಪ."

ರಂಗಯ್ಯಜ್ಜ ಹೆರೆಯುವುದನ್ನು ನಿಲ್ಲಿಸಿದರು. ಅವರಿಗೆ ಅರ್ಥವಾಯಿತು ಎಂದು ನನಗೆ ಈಗ ಅನ್ನಿಸುತ್ತದೆ. ಆದರೆ ಹೀಗೆ ಅನ್ನಿಸುವುದನ್ನು ನಾನು ನಂಬುವುದಿಲ್ಲ. ನನಗಾಗ ಹನ್ನೊಂದು ವರ್ಷ, ನನ್ನ ಕಣ್ಣು ಅವರ ಮನೆಯ ಅಜ್ಜಿ ತಂದಿಟ್ಟ ಕಡುಬಿನ ಮೇಲಿತ್ತು. ಅಪ್ಪ ನೆಲಕ್ಕೆ ಬಿದ್ದು ತಪ್ಪಾಯಿತು ಎಂದದ್ದು ನೋಡಿದೆ. ಅವನ ಅಂಗಿಯ ಬೆನ್ನಿಗೆ ರೈಲಿನ ಸೀಟಿನ ಧೂಳು ಅಂಟಿತ್ತು.

"ಏಳು. ಬತ್ತೀವಿ," ಎಂದರು ರಂಗಯ್ಯಜ್ಜ. "ಆದ್ರೆ ಆ ನಾಗಸ್ವರ ಇನ್ನು ಮನೇಲಿ ಇರಕೂಡದು. ಕೆರೆಗೆ ಬಿಟ್ಬುಡು. ನಿಂಗೆ ಬೇರೆ ಕೊಡ್ತೀನಿ."

"ಆಗ್ಲಿ."

"ದೇವರ ಹತ್ರ ಅದು ಕಣ್ಣಿಗೆ ಬಿತ್ತೋ, ನಾವು ಹಸೆ ಮುಂದೆ ಬಾರ್ಸಕಿಲ್ಲ."

"ಬೀಳಲ್ಲ ದೊಡ್ಡಪ್ಪ."

ಹಿಂತಿರುಗುವಾಗ ಅಪ್ಪ ನನಗೆ, ಈ ಕೆರೆಯ ಮಾತನ್ನು ಅಮ್ಮನ ಹತ್ತಿರ ಎತ್ತಬೇಡ, ಅವಳು ಮೊದಲೇ ನೊಂದಿದ್ದಾಳೆ ಎಂದ. ನಾನು ಎತ್ತಲಿಲ್ಲ. ಅವನು ನಾಗಸ್ವರವನ್ನು ಕೆರೆಗೆ ಬಿಡಲೂ ಇಲ್ಲ. ಒಂದು ಸಂಜೆ ಅದನ್ನು ತೆಗೆದುಕೊಂಡು ಕೆರೆಯ ಕಡೆಗೆ ಹೋದದ್ದನ್ನು ಚಿಕ್ಕಪ್ಪ ನೋಡಿದ್ದನಂತೆ. ಕತ್ತಲಾಗುವ ಮುಂಚೆ ಅದನ್ನು ಹಿಡಿದುಕೊಂಡೇ ಬಂದ. ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ, ರಾಗಿ ಮೂಟೆಗಳ ಹಿಂದೆ ಇಟ್ಟ. ಬಡತನದಲ್ಲಿ ಒಂದು ವಾದ್ಯವನ್ನು ಬಿಟ್ಟುಕೊಡಲಾಗಲಿಲ್ಲ ಎಂದು ಹಿಂದೆ ಒಂದು ಕಡೆ ಬರೆದಿದ್ದೆ. ಅದು ಸುಳ್ಳು. ಬೇರೆ ನಾಗಸ್ವರ ಕೊಡುತ್ತೇನೆಂದು ಮುದುಕರು ಹೇಳಿದ್ದರು. ಒಬ್ಬ ಮನುಷ್ಯ ಕಣ್ಣು ಮುಚ್ಚಿ ಕೇಳಿದ್ದ ವಾದ್ಯ ಅದೊಂದೇ.

ಮದುವೆ ಅರಸೀಕೆರೆಯ ಒಂದು ಛತ್ರದಲ್ಲಿ. ಹಿಂದಿನ ದಿನ ಸಾಮಾನು ಸಾಗಿಸುವಾಗ ಅಮ್ಮ ದೇವರ ಗೂಡಿನ ಕೆಳಗೆ ನೋಡಿದಳು. ಡೋಲು ಇತ್ತು, ನಾಗಸ್ವರ ಇರಲಿಲ್ಲ. ಅವಳು ಹುಡುಕಿದಳು, ಅಟ್ಟ ಹತ್ತಿದಳು, ಮೂಟೆಗಳ ಹಿಂದಿನಿಂದ ಸೀರೆಯ ಗಂಟನ್ನು ತೆಗೆದಳು. ಹೆಣದ ಮುಂದೆ ಊದಿದ್ದಕ್ಕೆ ಗಂಡ ನಾಚಿಕೊಂಡು ಬಚ್ಚಿಟ್ಟಿದ್ದಾನೆ ಎಂದು ತಿಳಿದಳು. ಅದನ್ನು ಅರಿಶಿನದ ನೀರಿನಲ್ಲಿ ಒರೆಸಿದಳು, ಕುಂಕುಮ ಹಚ್ಚಿದಳು. ಮಗಳ ಮದುವೆಯಲ್ಲಿ ಮನೆಯ ವಾದ್ಯ ದೇವರ ಮುಂದೆ ಇರಬೇಕು; ಇಲ್ಲದಿದ್ದರೆ ಗಂಡಿನ ಕಡೆಯವರು ಏನಂದಾರು ಎನ್ನುವುದು ಅವಳ ಲೆಕ್ಕ. ವಾಲಗದ ಮನೆಗೆ ಸೊಸೆಯಾಗಿ ಬಂದ ಯಾವ ಹೆಂಗಸಾದರೂ ಹಾಗೆಯೇ ಮಾಡುತ್ತಿದ್ದಳು. ಅವಳು ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಡೋಲಿನ ಜೊತೆ ಗಾಡಿಗೆ ಹಾಕುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಂದು ಮಾತು ಹೇಳಬಹುದಿತ್ತು. ಅಪ್ಪನಿಗೆ ಕೊಟ್ಟ ಮಾತು ನೆನಪಿತ್ತೋ, ಅಮ್ಮನ ಮುಖ ಅಷ್ಟು ದಿನಗಳ ಮೇಲೆ ಸಡಿಲವಾಗಿದ್ದನ್ನು ಕೆಡಿಸಲು ಮನಸ್ಸಾಗಲಿಲ್ಲವೋ, ಹೊಸ ಲಂಗದ ಸಡಗರವೋ, ಸುಮ್ಮನಿದ್ದೆ. ಇದರ ಬಗ್ಗೆ ಅಕ್ಕನ ಬಳಿ ಬೇರೆ ಕಥೆಯಿಲ್ಲ. ಇದನ್ನು ನಾನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಬಾಣಾವರದವರು ಬೆಳಗಿನ ರೈಲಿಗೆ ಬಂದರು. ಐದು ಜನ. ಅಪ್ಪ ಸ್ಟೇಷನ್ನಿಗೇ ಹೋಗಿ ಕರೆದುಕೊಂಡು ಬಂದ. ಅವರು ಚಾಪೆಯ ಮೇಲೆ ಕೂತು, ಅಂಟು ಹಾಕಿ ಒಣಗಿಸಿದ ಬಟ್ಟೆಯ ಟೋಪಿಗಳನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ಡೋಲನ್ನು ಒಮ್ಮೆ ತಟ್ಟಿದಾಗ, ಅಡುಗೆ ಮನೆಯಲ್ಲಿದ್ದ ಅಮ್ಮ ಸೌಟು ಹಿಡಿದುಕೊಂಡೇ ಗೋಡೆಗೆ ಒರಗಿದಳು. ರಂಗಯ್ಯಜ್ಜ ಬೆಳಗಿನಿಂದ ಸೊಗಸಾಗಿ ಊದಿದರು. ಎಣ್ಣೆಶಾಸ್ತ್ರಕ್ಕೆ, ಗಂಡನ್ನು ಎದುರುಗೊಳ್ಳುವುದಕ್ಕೆ, ಬಳೆ ತೊಡಿಸುವುದಕ್ಕೆ. ಹಳೇಬೀಡಿನ ಬೀಗರು ತಲೆದೂಗಿದರು. ಚಿಕ್ಕಪ್ಪ ಹೂವಿನ ಶರ್ಟು ಹಾಕಿಕೊಂಡು, ಬಾರಿಸುವಂತಿಲ್ಲದ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಪಾನಕದ ಲೋಟಗಳನ್ನು ಹಂಚುತ್ತಿದ್ದ.

"ಏನ್ಲಾ, ಇವತ್ತು ನೀನೂ ದೊಡ್ಡಮನುಷ್ಯ," ಎಂದು ಯಾರೋ ಅವನನ್ನು ರೇಗಿಸಿದರು.

"ಒಂದಿನ ಕಣ್ರೀ. ನಾಳೆ ಮತ್ತೆ ಕೊರಳಿಗೆ ಡ್ರಮ್ಮು."

ಮುಹೂರ್ತಕ್ಕೆ ಸ್ವಲ್ಪ ಮುಂಚೆ, ಗಟ್ಟಿಮೇಳ ಬಾರಿಸುವವರು ದೇವರಿಗೆ ಕೈ ಮುಗಿದು ಬರುವ ಪದ್ಧತಿ. ರಂಗಯ್ಯಜ್ಜ ಎದ್ದು ಮೂಲೆಯ ದೇವರ ಮಣೆಯ ಬಳಿ ಹೋದರು. ಬಾಗಿದರು. ಹಳದಿ ಬಟ್ಟೆಯ ಒಂದು ತುದಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. ನಾನು ಕಂಬದ ಪಕ್ಕದಲ್ಲಿದ್ದೆ. ಅವರು ಬಟ್ಟೆಯನ್ನು ಮೊದಲಿದ್ದಂತೆಯೇ ಹೊದಿಸಿ, ವಾಪಸು ಬಂದು ಚಾಪೆಯ ಮೇಲೆ ಕೂತರು. ಪಕ್ಕದ ಮಗನಿಗೆ ಒಂದು ಮಾತು ಹೇಳಿದರು. ಮಗ ಬೆರಳ ಟೋಪಿಗಳನ್ನು ಒಂದೊಂದಾಗಿ ಕಳಚತೊಡಗಿದ.

ಹಸೆಮಣೆಯ ಮೇಲೆ ಅಕ್ಕ ತಲೆ ಬಗ್ಗಿಸಿದ್ದಳು. ಧಾರೆ ಎರೆದು ಮುಗಿದಿತ್ತು, ಅಪ್ಪನ ಅಂಗೈ ಇನ್ನೂ ಒದ್ದೆಯಾಗಿತ್ತು. ಹುಡುಗ ತಾಳಿ ಹಿಡಿದ. ಪುರೋಹಿತರು ಕೈ ಎತ್ತಿ ಕೂಗಿದರು:

"ಗಟ್ಟಿಮೇಳ, ಗಟ್ಟಿಮೇಳ."

ಏನೂ ಕೇಳಿಸಲಿಲ್ಲ. ಅಕ್ಷತೆ ಹಿಡಿದ ಕೈಗಳು ಗಾಳಿಯಲ್ಲೇ ನಿಂತವು. ಪುರೋಹಿತರು ಇನ್ನೊಮ್ಮೆ ಕೂಗಿ, ಚಾಪೆಯ ಕಡೆ ತಿರುಗಿ ನೋಡಿದರು. ಐವರೂ ವಾದ್ಯಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಹೊರಗೆ ಬಸ್ಸಿನ ಕಂಡಕ್ಟರು ಬಾಣಾವರ, ಕಡೂರು ಎಂದು ಕೂಗುವುದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ದೇವರ ಮಣೆಯ ಕಡೆ ತಿರುಗಿ ನೋಡಿದ. ಮುಹೂರ್ತ ಮೀರುತ್ತಿತ್ತು, ಪುರೋಹಿತರು ಕಟ್ಟು ಕಟ್ಟು ಎಂದರು, ಹುಡುಗನ ಕೈಯಲ್ಲಿ ಗಂಟು ಬೀಳಲಿಲ್ಲ. ಆಗ ಚಿಕ್ಕಪ್ಪ ಜನರ ಮಧ್ಯದಿಂದ ಮುಂದೆ ಬಂದ. ವಾದ್ಯ ಮುಟ್ಟುವಂತಿಲ್ಲ. ಅವನು ಎರಡೂ ಕೈಯನ್ನು ಮುಷ್ಟಿ ಹಿಡಿದು, ಕತ್ತಿನ ನರ ಉಬ್ಬಿಸಿ, ಡೋಲಿನ ಸೊಲ್ಲುಗಳನ್ನು ಬಾಯಲ್ಲಿ ಹೇಳತೊಡಗಿದ. ತಕ್ಕಿಟ ತರಿಕಿಟ, ತಕ್ಕಿಟ ತರಿಕಿಟ, ತೋಂ ತೋಂ. ಒಬ್ಬನೇ. ಗಂಟಲು ಹರಿಯುವಷ್ಟು ಜೋರಾಗಿ, ಹೂವಿನ ಶರ್ಟಿನಲ್ಲಿ. ಮೊದಲು ಒಂದು ಮಗು ನಕ್ಕಿತು. ಆಮೇಲೆ ಗಂಡಿನ ಕಡೆಯ ಹುಡುಗರು. ತಡೆಯಲಾಗದೆ ಹೆಂಗಸರೂ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗು ಛತ್ರದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಅದರ ನಡುವೆ ಅಕ್ಕನ ಕೊರಳಿಗೆ ಗಂಟು ಬಿತ್ತು. ಚಿಕ್ಕಪ್ಪ ಮಾತ್ರ ನಿಲ್ಲಿಸಲಿಲ್ಲ. ಅಮ್ಮ ಬಂದು ಅವನ ತೋಳು ಹಿಡಿದು ಜಗ್ಗಿದ ಮೇಲೆ ನಿಲ್ಲಿಸಿದ.

ರಂಗಯ್ಯಜ್ಜ ಊಟ ಮಾಡಲಿಲ್ಲ. ತಾಂಬೂಲ ಮುಟ್ಟಲಿಲ್ಲ. ಹೊರಡುವಾಗ ಅಪ್ಪನ ಎದುರು ನಿಂತರು.

"ಹುಡುಗಿ ಮೇಲೆ ನಂಗೇನೂ ಇಲ್ಲ ಕಣ್ಲಾ. ಮಿಕ್ಕಿದ್ದೆಲ್ಲ ಬಾರ್ಸಿದೀವಿ."

ಅಪ್ಪ ತಲೆಯಾಡಿಸಿದ. ಅವನು ಆಗ ಅಮ್ಮನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಅಥವಾ ನನ್ನ ಹಿಂದಿನ ಬಾಗಿಲ ಕಡೆಗೆ.

ಆಮೇಲೆ ಯಾವ ಹಸೆಯ ಮುಂದೆಯೂ ಅಪ್ಪನನ್ನು ಯಾರೂ ಕರೆಯಲಿಲ್ಲ. ದೇವಸ್ಥಾನದವರು ಕೆಲವು ತಿಂಗಳು ನೋಡಿ, ಕರೆಂಟಿನಿಂದ ಡೋಲು ಗಂಟೆ ಎರಡನ್ನೂ ಬಡಿಯುವ ಯಂತ್ರ ತಂದಿಟ್ಟರು. ಚಿಕ್ಕಪ್ಪನ ಕೆಲಸವೂ ಹೋಯಿತು. ಅವನು ಆರ್ಕೆಸ್ಟ್ರಾ ಹಿಂದೆ ಹೋದವನು ತುಮಕೂರು, ಆಮೇಲೆ ಎಲ್ಲೋ. ಸೊಲ್ಲು ಹೇಳುವುದನ್ನು ಮಾತ್ರ ನಾನು ಅವನ ಬಾಯಲ್ಲಿ ಮತ್ತೆ ಕೇಳಲಿಲ್ಲ. ಅಪ್ಪನಿಗೆ ಬ್ಯಾಂಡ್‌ಸೆಟ್ಟು ಉಳಿಯಿತು. ಹಲ್ಲು ಹೋಗುವವರೆಗೆ ಕ್ಲಾರಿನೆಟ್, ಹಲ್ಲು ಹೋದ ಮೇಲೆ ಅದೇ ಕೋಟಿನಲ್ಲಿ ತಾಳ. ಅವನು ತೀರಿಕೊಂಡಾಗ ಬ್ಯಾಂಡಿನವರು ಬಂದು ಊದಿದರು. ಹೊಸ ಹುಡುಗರು, ಎರಡು ಸಿನಿಮಾ ಹಾಡು ಬರುತ್ತಿತ್ತು.

ಅಕ್ಕನ ಮೊದಲ ಮಗು ಹುಟ್ಟುವಾಗಲೇ ಹೋಯಿತು. ಭಾವನಿಗೆ ಬಡ್ತಿ ತಪ್ಪಿತು. ಮಾವನಿಗೆ ಪಾರ್ಶ್ವವಾಯು ಬಡಿಯಿತು. ಯಾವ ಮನೆಯಲ್ಲೂ ಆಗುವಂಥವು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದೇ ಕಾರಣವಿತ್ತು. 'ನಗಿಸಿಕೊಂಡು ತಾಳಿ ಕಟ್ಟಿಸಿಕೊಂಡೋಳು' ಎಂದು ಅವಳ ಅತ್ತೆ ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು. ಮೊಮ್ಮಕ್ಕಳ ಎದುರಿಗೂ ಮಾಡಿಸಿದರು. ನಾನು ಓದಿ ಹೈಸ್ಕೂಲಿನಲ್ಲಿ ಪಾಠ ಹೇಳುವವಳಾದೆ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕರೆ ಈಗಲೂ ನನಗೆ ಬೋರ್ಡಿನ ಕಡೆ ತಿರುಗಿಕೊಳ್ಳುವ ಅಭ್ಯಾಸ.

ಹೋದ ತಿಂಗಳು ಬೇಲೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಅವರೆಕಾಳು ಹಿಚುಕುತ್ತ ಕೂತಿದ್ದಳು. ಇದನ್ನು ಬರೆಯುತ್ತಿದ್ದೇನೆ ಎಂದು ಹೇಳಿದೆ.

"ಧಾರೆ ವಿಷಯಾನೂ ಬರೀತೀಯಾ?"

"ಹೂಂ."

"ಹಂಗಾದ್ರೆ ಬಾರಿಸಿದ್ರು ಅಂತ ಬರಿ."

"ಬಾರಿಸ್ಲಿಲ್ವಲ್ಲೇ ಅಕ್ಕ."

"ಅಲ್ಲಿ ಕೂತಿದ್ದೋಳು ನಾನು ಕಣೇ, ನಂಗ್ ಹೇಳ್ಕೊಡ್ತೀಯಾ? ಬಾರಿಸ್ಲಿಲ್ಲ ಬಾರಿಸ್ಲಿಲ್ಲ ಅಂತ ಇಷ್ಟು ವರ್ಷ ಎಲ್ರೂ ಹೇಳಾಯ್ತು. ಒಂದು ಕಡೆನಾದ್ರೂ ಬಾರಿಸಿದ್ರು ಅಂತ ಇರ್ಲಿ."

ನಾನು ಅವಳ ಮೇಜಿನ ಮೇಲಿದ್ದ ಕ್ಯಾಲೆಂಡರಿನ ಹಾಳೆಯ ಹಿಂದೆ ಅಲ್ಲೇ ಬರೆದೆ. ಪುರೋಹಿತರು ಕೈ ಎತ್ತಿದರು, ಬಾಣಾವರದವರು ಐವರೂ ಒಟ್ಟಿಗೆ ಎದ್ದರು, ನಾಗಸ್ವರ ಏರಿತು, ಡೋಲು ಮೊಳಗಿತು, ಛತ್ರದ ಹೆಂಚು ಅದುರಿತು. ಬರೆದದ್ದನ್ನು ಓದಿ ಹೇಳಿದೆ. ಅಕ್ಕ ಕಾಳು ಹಿಚುಕುವುದನ್ನು ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು ಕೇಳಿದಳು.

"ಸಾಲ್ದು ಕಣೇ," ಎಂದಳು. "ಇಷ್ಟು ಬಾರಿಸಿದ್ರೂ ಆ ನಗು ಇನ್ನೂ ಕೇಳ್ಸುತ್ತೆ."